ಒಂದನೇದಾ, ಎರಡನೇದಾ

ಖಾಲಿ ರ್ಯಾಕನ್ನು ಮೇಷ್ಟ್ರು ಮೇಜಿನ ಮೇಲೆ ತಂದಿಟ್ಟಾಗ ಅಕ್ಕನಿಗೆ ಅದು ಹಲ್ಲೆಲ್ಲ ಉದುರಿದ ಬಾಯಿಯ ಹಾಗೆ ಕಂಡಿತು. ಉದ್ದಕ್ಕೆ ಒಂದು ಮೊಳ, ಮೇಲೊಂದು ಕೆಳಗೊಂದು ಅಲ್ಯೂಮಿನಿಯಂ ಪಟ್ಟಿ, ಹಿಂಬದಿಯಲ್ಲಿ ಕರೆಂಟು ಹಂಚುವ ಹಸಿರು ಹಲಗೆ. ಅಷ್ಟೇ. ಇದರೊಳಗೆ ಒಂದೊಂದೇ ಮಾಡ್ಯೂಲ್ ಕೂರಿಸಿ, ಒಂದರಿಂದ ಇನ್ನೊಂದಕ್ಕೆ ವೈರು ಚುಚ್ಚಿದರೆ ಸಿಂಥಸೈಜರ್ ಎಂಬ ಕರೆಂಟಿನ ವಾದ್ಯ ಆಗುತ್ತದೆ ಎಂದು ಅವಳು ಸಂಜೆ ತರಗತಿಯಲ್ಲಿ ಕಲಿತಿದ್ದಳು. ಕಲಿಸಿದವರು ಇದೇ ಮೇಷ್ಟ್ರು. ಸಂಜೆ ಪಾಠ ಹೇಳುತ್ತಿದ್ದರು, ಹಗಲು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಾಡ್ಯೂಲ್‌ಗಳನ್ನು ರಿಪೇರಿ ಮಾಡಿ ಮಾರುತ್ತಿದ್ದರು.

"ನೋಡಮ್ಮ, ಮೊದಲನೇ ರ್ಯಾಕ್‌ಗೆ ಎಲ್ಲರೂ ಮಾಡೋ ತಪ್ಪು ಒಂದೇ," ಎಂದರು ಮೇಷ್ಟ್ರು, ಕಪಾಟಿನ ಗಾಜು ಸರಿಸುತ್ತ. "ಕಂಡಿದ್ದೆಲ್ಲ ಬೇಕು ಅನ್ಸುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಈ ಪಟ್ಟಿ ನೋಡಿಯೇ ಹುಟ್ಟಿರಬೇಕು. ಯಾವ ಥರ ಸಂಗೀತ ಮಾಡ್ಬೇಕು ಅಂತಿದ್ದೀಯ, ಅದನ್ನ ಮೊದಲು ಹೇಳು."

"ಸಂಗೀತ ಅಲ್ಲ ಸರ್. ಒಂದು ಶಬ್ದ ಮಾಡ್ಬೇಕು."

"ಯಾವ ಶಬ್ದ?"

"ಅದು ನನಗೆ ಗೊತ್ತಿಲ್ಲ. ನನ್ನ ತಂಗಿಗೆ ಗೊತ್ತು."

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದರು. ಆ ಕನ್ನಡಕವನ್ನು ಅಳತೆ ಮಾಡಿ ಕೊಟ್ಟವಳೂ ಅವಳೇ. ಅಕ್ಕ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಬಂದವರ ಮೂಗಿನ ಮೇಲೆ ಕಬ್ಬಿಣದ ಖಾಲಿ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಇಳಿಬಿಟ್ಟು, "ಒಂದನೇದು ಚೆನ್ನಾಗಿದ್ಯಾ, ಎರಡನೇದಾ?" ಎಂದು ಕೇಳುವುದು ಅವಳ ದಿನದ ಕೆಲಸ. ಬಂದವರಿಗೆ ಏನು ಕಾಣುತ್ತಿದೆ ಎಂದು ಅವಳಿಗೆ ಎಂದೂ ಗೊತ್ತಾಗುವುದಿಲ್ಲ. ಅವರ ಕಣ್ಣಿನೊಳಗೆ ಹೋಗಿ ನೋಡಲು ಬರುವುದಿಲ್ಲ. ಆದರೂ ಗಾಜಿನ ಮೇಲೆ ಗಾಜು ಬದಲಿಸುತ್ತ ಹೋದರೆ ಅವರು ಕಾಣುವ ಮಬ್ಬು ಎಷ್ಟು, ಯಾವ ಕಡೆಗೆ ಎಂದು ಕರಾರುವಾಕ್ಕಾಗಿ ತಿಳಿಯುತ್ತದೆ. ರ್ಯಾಕನ್ನು ತರಗತಿಯಲ್ಲಿ ಮೊದಲ ಸಲ ಕಂಡಾಗ ಅವಳಿಗೆ ಹೊಳೆದದ್ದು ಇದೇ. ಇದು ಕಿವಿಯ ಚೌಕಟ್ಟು. ಗಾಜಿನ ಬದಲು ಮಾಡ್ಯೂಲ್. ತಂಗಿಯ ಕಿವಿಯೊಳಗೆ ಹೋಗಲು ಬರದಿದ್ದರೇನು, ಅವಳು ಕೇಳುವ ಶಬ್ದವನ್ನು ಹೊರಗೇ ಕಟ್ಟಿ ನಿಲ್ಲಿಸಬಹುದು.

ತಂಗಿಗೆ ಆ ಶಬ್ದ ಶುರುವಾದದ್ದು ಡಿಪೋದವರು ಕೊಟ್ಟ ಮನೆಗೆ ಹೋದ ಮೇಲೆ. ಅವಳ ಗಂಡ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ನೆಲಮಹಡಿಯ ಮನೆ, ಒಳಗಿನ ಕೋಣೆಗೆ ಒಂದೇ ಕಿಟಕಿ. ಆ ಕೋಣೆಯಲ್ಲಿ ಸದಾ ಒಂದು ಸಣ್ಣ ಸ್ವರ ಇದೆ ಎನ್ನುತ್ತಿದ್ದಳು ತಂಗಿ. ಫ್ರಿಜ್ ಅಲ್ಲ, ಪಂಪಲ್ಲ, ಪೈಪಲ್ಲ. ಟೈಮ್‌ಕೀಪರ್ ಎಲ್ಲವನ್ನೂ ಆರಿಸಿ ನೋಡಿದ. ಫೋನಿನಲ್ಲಿ ರೆಕಾರ್ಡ್ ಮಾಡಿದ. ಶಬ್ದ ಅಳೆಯುವ ಮೀಟರ್ ತಂದು ಹಿಡಿದ. ಏನೂ ಸಿಗಲಿಲ್ಲ. ನಿದ್ದೆಗೆಟ್ಟ ತಂಗಿ ಕೆಲಸ ಬಿಟ್ಟಳು. ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆಯಿಂದ ಅವಳ ನಾಲಿಗೆ ದಪ್ಪವಾಯಿತೇ ಹೊರತು ಶಬ್ದ ಹೋಗಲಿಲ್ಲ. ಈಗ ಆಸ್ಪತ್ರೆಯ ವಿಶ್ರಾಂತಿ ವಾರ್ಡಿಗೆ ಸೇರಿಸುವ ಮಾತು ನಡೆದಿತ್ತು. ಆ ವಾರ್ಡಿನ ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ.

ಟೈಮ್‌ಕೀಪರ್ ಕೆಟ್ಟವನಲ್ಲ. ಅದೇ ಅಕ್ಕನಿಗೆ ಕಷ್ಟವಾಗಿದ್ದು. ಕೆಟ್ಟವನಾಗಿದ್ದರೆ ಜಗಳ ಆಡಬಹುದಿತ್ತು.

"ನನಗೆ ಕೇಳಿದ್ರೆ ನಾನೇ ಗೋಡೆ ಒಡೀತಿದ್ದೆ ಅಕ್ಕ," ಎಂದಿದ್ದ ಅವನು. "ಯಾರಾದ್ರೂ ಒಬ್ಬರಿಗೆ ಕೇಳಲಿ ಸಾಕು. ನಿಮಗೆ ಕೇಳುತ್ತಾ ಹೇಳಿ."

ಅಕ್ಕ ಆ ಕೋಣೆಯಲ್ಲಿ ಉಸಿರು ಹಿಡಿದು ನಿಂತಿದ್ದಳು. ತಂಗಿ ಅವಳ ಮುಖವನ್ನೇ ನೋಡುತ್ತಿದ್ದಳು. ಕೇಳುತ್ತದೆ ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತೇನೋ. ಆದರೆ ಸುಳ್ಳು ಅವಳ ಬಾಯಿಂದ ಹೊರಟರೂ ಅರ್ಧಕ್ಕೇ ಮುಗ್ಗರಿಸುತ್ತದೆ. "ನನಗೆ ಕೇಳ್ತಿಲ್ಲ," ಎಂದಿದ್ದಳು. ಆಮೇಲೆ ತಂಗಿಯ ಕಡೆ ತಿರುಗಿ, "ಆದ್ರೆ ಕೇಳೋ ಹಾಗೆ ಮಾಡ್ತೀನಿ," ಎಂದಳು.

ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ನಗಲಿಲ್ಲ. ಕಪಾಟಿನಿಂದ ಆಸಿಲೇಟರ್‌ಗಳನ್ನು ತೆಗೆದು ಸಾಲಾಗಿ ಇಟ್ಟರು. ಆಸಿಲೇಟರ್ ಎಂದರೆ ಸ್ವರ ಹುಟ್ಟಿಸುವ ಮಾಡ್ಯೂಲ್. ಉಳಿದವೆಲ್ಲ ಅದರ ಹಿಂದೆ ಬರುವ ಮಂದಿ.

"ಎರಡು ತಗೊಂಡು ಹೋಗು, ಒಂದನ್ನ ವಾಪಸ್ ತಾ," ಎಂದರು. "ಮತ್ತೆ ಇದೊಂದು ತಗೋ. ಇದಕ್ಕೆ ನಾನು ಬಾಗಿಲು ಅಂತೀನಿ. ಸ್ವರ ಇದರೊಳಗಿಂದ ಹೋದ್ರೆ ತೆರೀಬಹುದು, ಮುಚ್ಚಬಹುದು. ಆಸಿಲೇಟರ್ ಹಾರ್ಮೋನಿಯಂ ಥರ ಅಲ್ಲ, ಕೈ ತೆಗೆದ್ರೆ ಸುಮ್ಮನಾಗಲ್ಲ. ಕರೆಂಟ್ ಇರೋವರೆಗೂ ಕೂಗ್ತಾನೇ ಇರುತ್ತೆ."

"ಅವಳಿಗೆ ಕೇಳೋದೂ ನಿಲ್ಲೋದೇ ಇಲ್ಲವಂತೆ ಸರ್. ನಿಲ್ಲದೇ ಇರೋದಕ್ಕೆ ಬಾಗಿಲು ಯಾಕೆ? ಅದನ್ನ ಕೊನೆಗೆ ತಗೋತೀನಿ."

"ಎಲ್ಲರೂ ಹಾಗೇ ಅಂತಾರೆ," ಎಂದರು ಮೇಷ್ಟ್ರು. "ಇನ್ನೊಂದು. ಹಚ್ಚಿದ ತಕ್ಷಣ ಅಳತೆಗೆ ಕೂರಬೇಡ. ಬಿಸಿ ಆಗೋವರೆಗೂ ಸ್ವರ ಜಾರ್ತಾ ಇರುತ್ತೆ. ಬಿಸಿ ಆದ್ಮೇಲೆ ನಿಂತ ಜಾಗದಲ್ಲಿ ನಿಲ್ಲುತ್ತೆ."

ಹೊರಡುವ ಮುಂಚೆ ಎರಡೂ ಆಸಿಲೇಟರ್‌ಗಳನ್ನು ಒಟ್ಟಿಗೆ ಸ್ಪೀಕರಿಗೆ ಕೊಟ್ಟು ತೋರಿಸಿದರು. ಒಂದರ ಸ್ವರಕ್ಕೆ ಇನ್ನೊಂದನ್ನು ಹತ್ತಿರ ಹತ್ತಿರ ತಂದ ಹಾಗೆ ಶಬ್ದ ತೂಗಲು ಶುರುವಾಯಿತು, ಉಯ್ಯಾಲೆಯ ಹಾಗೆ. ಏರಿತು, ತಗ್ಗಿತು, ಏರಿತು. ಇನ್ನೂ ಹತ್ತಿರ ತಂದಾಗ ಉಯ್ಯಾಲೆ ನಿಧಾನವಾಯಿತು. ಪೂರ್ತಿ ಕೂಡಿದಾಗ ನಿಂತಿತು.

"ಹೀಗೆ ಶ್ರುತಿ ಮಾಡೋದು. ಒಂದೇ ಸ್ವರ ಎಷ್ಟು ಹೊತ್ತು ಕೂಗಿದ್ರೂ ತೂಗಲ್ಲ. ತೂಗ್ಬೇಕಾದ್ರೆ ಎರಡಿರಬೇಕು. ಪರೀಕ್ಷೆಯಲ್ಲಿ ಕೇಳ್ತೀನಿ, ನೆನಪಿಟ್ಕೋ."

ಅಕ್ಕ ಪರೀಕ್ಷೆ ಎಂದರೆ ಈಗಲೂ ಹೆದರುವವಳು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋದಳು.

ಕೆಲಸ ಶುರುವಾದದ್ದು ಅಂಗಡಿಗೆ ರಜೆಯಿದ್ದ ದಿನದ ಮಧ್ಯಾಹ್ನ. ಒಳಗಿನ ಕೋಣೆಯಲ್ಲಿ ಮಂಚ, ಬಟ್ಟೆಯ ಕಪಾಟು, ಕಿಟಕಿಯ ಕೆಳಗೆ ಒಂದು ಸ್ಟೂಲು. ಸ್ಟೂಲಿನ ಮೇಲೆ ರ್ಯಾಕ್, ಪಕ್ಕದಲ್ಲಿ ಅಂಗೈಯಗಲದ ಸ್ಪೀಕರ್. ತಂಗಿ ಮಂಚದ ಮೇಲೆ ಕಾಲು ಮಡಚಿ ಕೂತಳು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು, ಆದರೆ ನಾಲಿಗೆಯ ಚುರುಕು ಪೂರ್ತಿ ಹೋಗಿರಲಿಲ್ಲ.

"ಅಕ್ಷರ ಓದಿಸ್ತೀಯಾ ಅಕ್ಕ? ಕೆಳಗಿನ ಸಾಲು ನನಗೆ ಈಗಲೂ ಬಾಯಿಗೆ ಬರುತ್ತೆ."

"ಸುಮ್ನೆ ಕೂತ್ಕೋ. ಕಣ್ಣು ಮುಚ್ಚು. ಒಂದನೇದಾ, ಎರಡನೇದಾ?"

ಮೊದಲು ಗರಗಸದಂತೆ ಕೊರೆಯುವ ಅಲೆ. ಆಮೇಲೆ ನುಣುಪಾದದ್ದು.

"ಎರಡನೇದು. ಮೊದಲನೇದು ಹಲ್ಲು ಕಡಿಯೋ ಥರ ಇದೆ. ನಂದು ಹಾಗಿಲ್ಲ. ಅದಕ್ಕೆ ಅಂಚೇ ಇಲ್ಲ."

ಗಾಜು ಬದಲಿಸಿದ ಹಾಗೇ ಹೋಯಿತು. ಇನ್ನೂ ಕೆಳಗೆ, ಇನ್ನೂ ಸ್ವಲ್ಪ, ಇಲ್ಲ ಜಾಸ್ತಿ ಆಯ್ತು, ಮೇಲೆ ಬಾ. ನಡುನಡುವೆ ಅಕ್ಕ ತನ್ನ ಕಸುಬಿನ ಒಂದು ಹಳೆಯ ಉಪಾಯ ಮಾಡಿದಳು. ಕಣ್ಣು ತೋರಿಸಲು ಬಂದವರಲ್ಲಿ ಕೆಲವರು ಇವಳಿಗೆ ಬೇಜಾರಾಗಬಾರದೆಂದು ಬಾಯಿಗೆ ಬಂದದ್ದು ಹೇಳುತ್ತಾರೆ. ಅವರನ್ನು ಹಿಡಿಯಲು ಒಂದೇ ಗಾಜನ್ನು ತೆಗೆದು ಅದನ್ನೇ ಮತ್ತೆ ಹಾಕಿ, ಒಂದನೇದಾ ಎರಡನೇದಾ ಎಂದು ಕೇಳಬೇಕು. ನಿಜ ಹೇಳುವವರು ಎರಡೂ ಒಂದೇ ಎನ್ನುತ್ತಾರೆ. ಅಕ್ಕ ವೈರನ್ನು ಕಿತ್ತು, ಸ್ವರ ಏರಿಸಿ ಇಳಿಸುವ ತಿರುಗಣೆ ಮುಟ್ಟದೆ, ಅದನ್ನೇ ಮತ್ತೆ ಚುಚ್ಚಿದಳು.

"ಎರಡೂ ಒಂದೇ," ಎಂದಳು ತಂಗಿ ಕಣ್ಣು ಮುಚ್ಚಿಕೊಂಡೇ. "ಯಾರಿಗೆ ಟೋಪಿ ಹಾಕ್ತಿದ್ದೀಯ? ಗಿರಾಕಿಗಳಿಗೂ ಹೀಗೇ ಮಾಡ್ತೀಯಾ?"

ಅಕ್ಕನಿಗೆ ನಗುವೂ ಬಂತು, ಎದೆಯ ಮೇಲಿನ ಕಲ್ಲೊಂದು ಇಳಿದ ಹಾಗೂ ಆಯಿತು. ತಂಗಿ ಕಲ್ಪಿಸಿಕೊಂಡು ಹೇಳುತ್ತಿಲ್ಲ. ಆಮೇಲೆ ಎಷ್ಟು ಸಲ ಹಾಗೆ ಮೋಸ ಮಾಡಿದರೂ ತಂಗಿ ಒಮ್ಮೆಯೂ ಬೀಳಲಿಲ್ಲ.

ಮುಂದಿನ ವಾರ ಕೊರೆಯುವ ಆಸಿಲೇಟರನ್ನು ವಾಪಸ್ ಕೊಟ್ಟು ಫಿಲ್ಟರ್ ತಂದಳು. ಸ್ವರದ ಮೇಲಿನ ಕಸವನ್ನು ಸೋಸುವ ಮಾಡ್ಯೂಲ್ ಅದು. ತಂಗಿ ಕೇಳಿ, ಹಾಕಿದರೂ ಅಷ್ಟೇ ತೆಗೆದರೂ ಅಷ್ಟೇ ಎಂದಳು. ವಾಪಸ್ ಒಯ್ದಾಗ ಮೇಷ್ಟ್ರು ಗಲ್ಲ ಕೆರೆದುಕೊಂಡರು.

"ಸರಿಯಾಗೇ ಹೇಳಿದಾಳೆ. ನುಣುಪು ಅಲೆಯಲ್ಲಿ ಸೋಸೋಕೆ ಏನೂ ಇರಲ್ಲ, ಗಸಿ ಇಲ್ಲದ ನೀರು. ನಿನ್ನ ತಂಗಿ ಕಿವಿ ನನ್ನ ಮೀಟರ್‌ಗಿಂತ ಚೆನ್ನಾಗಿದೆ. ಇನ್ನೇನು ಬೇಕಂತೆ?"

"ಅದು ನಿಂತಲ್ಲೇ ನಿಲ್ಲಲ್ಲವಂತೆ. ಸ್ವಲ್ಪ ಆಚೆ, ಸ್ವಲ್ಪ ಈಚೆ. ಆದ್ರೆ ಲೆಕ್ಕಕ್ಕೆ ಸಿಗಲ್ಲವಂತೆ."

ಮೇಷ್ಟ್ರು ಎರಡು ಮಾಡ್ಯೂಲ್ ಕೊಟ್ಟರು. ಒಂದು ಸ್ವರವನ್ನು ಕಪ್ಪೆಯ ಹಾಗೆ ಅಲ್ಲಿಂದಿಲ್ಲಿಗೆ ನೆಗೆಸುತ್ತಿತ್ತು. ಇನ್ನೊಂದು ಗೊತ್ತುಗುರಿಯಿಲ್ಲದೆ ಮೆಲ್ಲಗೆ ಅಲೆಸುತ್ತಿತ್ತು. ತಂಗಿ ಎರಡನೆಯದನ್ನು ಕೇಳಿದ ಕೂಡಲೇ ಕಣ್ಣು ತೆರೆದಳು.

"ಇದೇ," ಎಂದಳು. ಆಮೇಲೆ ತಲೆ ಓರೆ ಮಾಡಿ ಇನ್ನಷ್ಟು ಹೊತ್ತು ಕೇಳಿದಳು. "ಇಲ್ಲ. ಹಾಗೇ ಇದೆ, ಆದ್ರೆ ಇದಲ್ಲ. ಇದು ಸುಮ್ನೆ ಓಡಾಡ್ತಿದೆ ಅಕ್ಕ. ಅದು ಹುಡುಕ್ತಿದೆ."

"ಏನನ್ನ?"

"ನಂಗೇನು ಗೊತ್ತು. ಹುಡುಕೋರ ನಡಿಗೆ ಗೊತ್ತಾಗಲ್ವಾ? ಕಳಕೊಂಡೋರು ಮನೆಯೊಳಗೆ ಓಡಾಡೋದು ಬೇರೆ ಥರ."

ಅಕ್ಕ ಕೋಣೆಯನ್ನೊಮ್ಮೆ ಸುತ್ತ ನೋಡಿದಳು. ಕಿಟಕಿಯಲ್ಲಿ ಬಿಸಿಲಿತ್ತು, ಎದುರು ಮನೆಯವರು ಹಾಸಿಗೆ ಒಣಗಿಸುತ್ತಿದ್ದರು. ಹೆದರುವಂಥ ಹೊತ್ತೇನೂ ಅಲ್ಲ ಎಂದು ತನಗೇ ಹೇಳಿಕೊಂಡಳು.

ಆ ದಿನ ಹೊರಡುವಾಗ ರ್ಯಾಕನ್ನು ಆರಿಸಲು ಕೈ ಹಾಕಿದವಳು ನಿಂತಳು. ಆರಿಸಿದರೆ ತಣ್ಣಗಾಗುತ್ತದೆ. ಮತ್ತೆ ಬಂದು ಹಚ್ಚಿದಾಗ ಸ್ವರ ಜಾರುತ್ತದೆ, ಇಷ್ಟು ದಿನ ಗಾಜಿನ ಮೇಲೆ ಗಾಜಿಟ್ಟು ಹಿಡಿದ ಜಾಗ ತಪ್ಪಿಹೋಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ಹೋದರೆ ಹೋಗಲಿ ಎನ್ನುತ್ತಿದ್ದರು. ಅಂಗಡಿಯಲ್ಲಿ ಒಂದೇ ಅಳತೆಯನ್ನು ಮೂರು ಸಲ ತಾಳೆ ನೋಡುವ ಅಕ್ಕನಿಗೆ ಅದು ಆಗಲಿಲ್ಲ.

"ಇದನ್ನ ಆನ್ ಇಟ್ಟೇ ಹೋಗಲಾ? ಸ್ಪೀಕರ್ ಬೇಕಾದ್ರೆ ಆರಿಸ್ತೀನಿ."

"ಸ್ಪೀಕರೂ ಇರಲಿ ಅಕ್ಕ, ಸಣ್ಣಗೆ," ಎಂದಳು ತಂಗಿ. "ನಿಂದು ಇದ್ದಾಗ ಅದರ ಹಟ ಸ್ವಲ್ಪ ಕಮ್ಮಿ ಇರುತ್ತೆ."

ಹಾಗಾಗಿ ರ್ಯಾಕ್ ಅಲ್ಲೇ ಉಳಿಯಿತು. ಪುಟ್ಟ ಕೆಂಪು ದೀಪ ಉರಿಸಿಕೊಂಡು, ಹಗಲೂ ರಾತ್ರಿಯೂ, ಅಂಚಿಲ್ಲದ ಸ್ವರದಲ್ಲಿ ಕೂಗುತ್ತ. ಬಾಗಿಲಿನ ಮಾಡ್ಯೂಲಿಗೆ ಬಿಟ್ಟಿದ್ದ ಜಾಗ ಖಾಲಿಯೇ ಇತ್ತು.

ವಾರ ಕಳೆಯುವುದರೊಳಗೆ ಟೈಮ್‌ಕೀಪರ್ ಕನ್ನಡಕದ ಅಂಗಡಿಗೇ ಬಂದ. ಯೂನಿಫಾರ್ಮಿನಲ್ಲೇ ಇದ್ದ. ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತು, ಎದುರಿನ ಅಕ್ಷರಗಳ ಹಲಗೆಯನ್ನು ನೋಡುತ್ತ ಮಾತಾಡಿದ.

"ಅಕ್ಕ, ಇದು ಜಾಸ್ತಿ ಆಯ್ತು. ಮೊದಲು ಒಂದು ಶಬ್ದ ಅಂತಿದ್ದಳು. ಈಗ ಮನೇಲಿ ನಿಜವಾಗ್ಲೂ ಒಂದು ಶಬ್ದ ಇಟ್ಟಿದ್ದೀರ. ನಿನ್ನೆ ಅದರ ಜೊತೆ ಮಾತಾಡ್ತಿದ್ದಳು. ಏನು ಅಂತ ಕೇಳಿದ್ರೆ, ನಾನಲ್ಲ, ಅವೇ ಮಾತಾಡ್ತಿವೆ, ನಾನು ನಡುವೆ ಸುಮ್ನಿರಿ ಅಂದೆ, ಅಂತಾಳೆ. ಡಾಕ್ಟ್ರು ಸೋಮವಾರ ಬೆಡ್ ಇಟ್ಟಿರ್ತೀನಿ ಅಂದಿದಾರೆ."

"ಅವಳು ಸುಳ್ಳು ಹೇಳ್ತಿಲ್ಲ. ನಾನು ಪರೀಕ್ಷೆ ಮಾಡಿದೀನಿ."

"ಸುಳ್ಳು ಅಂತ ನಾನೂ ಹೇಳ್ತಿಲ್ಲ. ಹುಷಾರಿಲ್ಲ ಅಂತಿದೀನಿ."

ಅಕ್ಕ ಕೈಯಲ್ಲಿದ್ದ ಗಾಜನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದಳು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ. ಕೊನೆಗೆ ಒಂದೇ ಗಾಜನ್ನು ಎರಡು ಸಲ ಹಾಕುವ ಉಪಾಯವನ್ನು ಅವನಿಗೆ ಬಿಡಿಸಿ ಹೇಳಿದಳು. "ಭಾನುವಾರ ನೀವೂ ಕೋಣೆಯಲ್ಲಿ ಇರಿ. ಒಂದೇ ಸ್ವರ ಎರಡು ಸಲ ಕೇಳಿಸ್ತೀನಿ. ತಲೆಯೊಳಗಿನ ಶಬ್ದ ಆಗಿದ್ರೆ, ಮನಸ್ಸಿಗೆ ತೋಚಿದ್ದು ಹೇಳ್ತಾಳೆ. ನಿಜವಾಗಿ ಕೇಳೋಳಾದ್ರೆ ಎರಡೂ ಒಂದೇ ಅಂತಾಳೆ. ಹಾಗಂದ್ರೆ ಸೋಮವಾರ ಬೇಡ. ಬೇರೆ ಮನೆ ಕೇಳಿ, ಇಲ್ಲಾಂದ್ರೆ ನನ್ನ ಮನೇಲಿ ಇರಲಿ."

"ಒಂದನೇದು ಅಂತಲೋ ಎರಡನೇದು ಅಂತಲೋ ಅಂದ್ರೆ?"

ಅಕ್ಕ ಗಾಜನ್ನು ಪೆಟ್ಟಿಗೆಯಲ್ಲಿಟ್ಟಳು. "ಅಂದ್ರೆ ನಾನು ಅಡ್ಡ ಬರಲ್ಲ."

ತಂಗಿಯ ಬಾಳನ್ನು ಒಂದು ಪ್ರಶ್ನೆಗೆ ಕಟ್ಟಿಬಿಟ್ಟೆನಲ್ಲ ಎಂದು ಭಾನುವಾರದವರೆಗೂ ಹೊರಳಾಡಿದಳು. ಆದರೆ ಆ ಪ್ರಶ್ನೆಗೆ ತಂಗಿ ಎಂದೂ ತಪ್ಪಿರಲಿಲ್ಲ.

ಭಾನುವಾರ ಊಟದ ಹೊತ್ತು ಕಳೆದ ಮೇಲೆ ಮೂವರೂ ಒಳಗಿನ ಕೋಣೆಯಲ್ಲಿ ಸೇರಿದರು. ತಂಗಿ ಮಂಚದ ಮೇಲೆ. ಟೈಮ್‌ಕೀಪರ್ ಬಾಗಿಲಿಗೆ ಒರಗಿ, ಕೈಕಟ್ಟಿ. ಅಕ್ಕ ಸ್ಟೂಲಿನ ಮುಂದೆ ನೆಲದ ಮೇಲೆ. ಅನುಮಾನಕ್ಕೆ ಎಡೆಯೇ ಇರಬಾರದೆಂದು ಅವಳು ಅಲೆಸುವ ಮಾಡ್ಯೂಲಿನ ವೈರನ್ನು ಕಿತ್ತು ಪಕ್ಕಕ್ಕಿಟ್ಟಳು. ಈಗ ಒಂದೇ ಆಸಿಲೇಟರ್, ಅದರಿಂದ ಸ್ಪೀಕರಿಗೆ ಒಂದೇ ವೈರು. ಇಡೀ ವಾರ ಬಿಸಿಯಾಗಿಯೇ ಇದ್ದ ಸ್ವರ ಗೆರೆ ಎಳೆದಂತೆ ನಿಂತಿತ್ತು.

"ಕಣ್ಣು ಮುಚ್ಚು. ಇದು ಒಂದನೇದು."

ಸ್ವಲ್ಪ ಹೊತ್ತು ಬಿಟ್ಟು ವೈರು ಕಿತ್ತಳು. ಟೈಮ್‌ಕೀಪರಿಗೆ ಕಾಣುವ ಹಾಗೆ ಎರಡೂ ಕೈಗಳನ್ನು ತಿರುಗಣೆಯಿಂದ ದೂರ ಹಿಡಿದಳು. ಮತ್ತೆ ಅದೇ ವೈರನ್ನು ಅದೇ ತೂತಿಗೆ ಚುಚ್ಚಿದಳು.

"ಇದು ಎರಡನೇದು. ಯಾವುದು?"

ತಂಗಿ ಸ್ಪೀಕರಿನ ಕಡೆಗೆ ಕಿವಿ ತಿರುಗಿಸಿದಳು. ಹುಬ್ಬು ಗಂಟಿಕ್ಕಿತ್ತು. "ಎರಡನೇದು," ಎಂದಳು.

ಅಕ್ಕ ತಿರುಗಣೆಯತ್ತ ನೋಡಿದಳು, ಅದು ಅಲುಗಿರಲಿಲ್ಲ. "ಇನ್ನೊಂದ್ಸಲ ಕೇಳು."

"ಕೇಳಿದೆ ಅಕ್ಕ. ಎರಡನೇದೇ."

ಟೈಮ್‌ಕೀಪರ್ ತಲೆ ತಗ್ಗಿಸಿದ. ಗೆದ್ದವನ ಮುಖವಾಗಿರಲಿಲ್ಲ ಅದು. ಒರಗಿದ್ದವನು ನೆಟ್ಟಗಾಗಿ, ಹೆಂಡತಿಯನ್ನು ಒಮ್ಮೆ ನೋಡಿ, ಜೇಬಿನಿಂದ ಫೋನು ತೆಗೆದ. ಡಾಕ್ಟರಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದವನ ಹಾಗೆ ಅದನ್ನು ಅಂಗೈಯಲ್ಲಿ ತಿರುಗಿಸುತ್ತ ನಿಂತ.

"ಯಾಕೆ?" ಎಂದಳು ಅಕ್ಕ. ಕಣ್ಣು ಪರೀಕ್ಷೆಯಲ್ಲಿ ಈ ಪ್ರಶ್ನೆ ಕೇಳುವ ಪದ್ಧತಿಯಿಲ್ಲ. "ಎರಡನೇದು ಯಾಕೆ?"

"ಒಂದನೇದು ನಿಂತಿತ್ತು. ಎರಡನೇದು ತೂಗ್ತಿದೆ."

"ತೂಗ್ತಿಲ್ಲ ಪುಟ್ಟ. ಎರಡೂ ಒಂದೇ. ಏನೂ ಮುಟ್ಟಿಲ್ಲ ನಾನು."

"ನೀನು ಮುಟ್ಟಿದೆ ಅಂತ ಯಾರಂದ್ರು? ಕೇಳು."

ಅಕ್ಕ ಕೇಳಿದಳು. ಇಷ್ಟು ದಿನ ಅವಳು ಕೇಳುತ್ತಿದ್ದದ್ದು ತಂಗಿಯ ಉತ್ತರಗಳನ್ನು. ಸ್ವರವನ್ನು ಸ್ವರವಾಗಿ ಕೇಳಿರಲಿಲ್ಲ. ಈಗ ಸ್ಪೀಕರಿನ ಹತ್ತಿರ ಬಗ್ಗಿದಳು. ಏರಿತು. ತಗ್ಗಿತು. ಉಸಿರು ಬಿಟ್ಟು ಎಳೆದುಕೊಳ್ಳುವಷ್ಟು ಹೊತ್ತಿನ ನಂತರ ಮತ್ತೆ ಏರಿತು.

ಒಂದೇ ಸ್ವರ ತೂಗುವುದಿಲ್ಲ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ತಾನಾಗಿ ತುಟಿಗೆ ಬಂತು. ಅವಳು ರ್ಯಾಕಿನ ಒಂದೊಂದು ತೂತನ್ನೂ ಬೆರಳಿಟ್ಟು ನೋಡಿದಳು. ಒಂದೇ ವೈರು.

"ನೀವು ಸ್ವಲ್ಪ ಬನ್ನಿ," ಎಂದಳು ಟೈಮ್‌ಕೀಪರಿಗೆ. "ಇದು ಮೇಲೆ ಕೆಳಗೆ ಆಗ್ತಿದೆಯಾ?"

ಅವನು ಬಂದು ಮಂಡಿಯೂರಿದ. "ಆಗ್ತಿದೆ. ಮಿಷನ್ ಕೆಟ್ಟಿದೆ ಅನ್ಸುತ್ತೆ."

ಅಕ್ಕ ತಿರುಗಣೆಯನ್ನು ಕೂದಲೆಳೆಯಷ್ಟು ಮೇಲಕ್ಕೆ ತಿರುಗಿಸಿದಳು. ಉಯ್ಯಾಲೆ ಚುರುಕಾಯಿತು. ವಾಪಸ್ ತಂದಳು. ನಿಧಾನವಾಯಿತು. ಕೆಳಕ್ಕೆ ಒಯ್ದಳು. ಮತ್ತೆ ಚುರುಕಾಯಿತು. ಮೇಷ್ಟ್ರ ಮೇಜಿನ ಮೇಲೆ ಎರಡು ಆಸಿಲೇಟರ್‌ಗಳು ಮಾಡಿದ್ದನ್ನೇ ಇಲ್ಲಿ ಒಂದು ಮಾಡುತ್ತಿತ್ತು. ಇನ್ನೊಂದು ಈ ಕೋಣೆಯಲ್ಲಿ, ಈ ಗಾಳಿಯಲ್ಲಿ ಎಲ್ಲೋ ಇತ್ತು, ತಿರುಗಣೆಯ ಇದೇ ಜಾಗದಲ್ಲಿ.

"ಕೆಟ್ಟಿಲ್ಲ," ಎಂದಳು. "ಇದರ ಜೊತೆಗೆ ಇನ್ನೊಂದಿದೆ. ಅವಳು ಹೇಳಿದ್ದು ಅದನ್ನೇ."

"ಇಷ್ಟು ದಿನ ನಾನೇನು ಹೇಳ್ತಿದ್ದೆ?" ಎಂದಳು ತಂಗಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪಕ್ಕದ ಮನೆಯವರನ್ನು ಕೊನೆಗೂ ಪರಿಚಯ ಮಾಡಿಸಿದವಳ ಹಾಗೆ ಇದ್ದಳು.

ಟೈಮ್‌ಕೀಪರ್ ನಂಬಲಿಲ್ಲ, ಅಥವಾ ನಂಬಲು ಹೆದರಿದ. "ದೂರ ತಿರುಗಿಸಿ ನೋಡಿ," ಎಂದ. ಅಕ್ಕ ತಿರುಗಣೆಯನ್ನು ತುಂಬ ಮೇಲಕ್ಕೆ ಒಯ್ದಳು. ತೂಗುವುದು ನಿಂತಿತು. ಬರೀ ಒಂಟಿ ಸ್ವರ, ಗೆರೆ ಎಳೆದ ಹಾಗೆ. ಟೈಮ್‌ಕೀಪರ್ ಉಸಿರು ಬಿಟ್ಟ. ಅವನು ಬಿಟ್ಟ ಉಸಿರು ಮುಗಿಯುವುದರೊಳಗೆ, ಅವಳ ಬೆರಳು ಅಲುಗದೆ, ಆ ಹೊಸ ಜಾಗದಲ್ಲಿ ಸ್ವರ ಪಟಪಟನೆ ನಡುಗಿತು. ನಡುಕ ನಿಧಾನವಾಗುತ್ತ ಬಂತು. ಉಯ್ಯಾಲೆಯಾಯಿತು.

ಹುಡುಕಿಕೊಂಡು ಬಂದಿತ್ತು.

ಅಕ್ಕ ಕೈ ಸುಟ್ಟವಳಂತೆ ತಿರುಗಣೆ ಬಿಟ್ಟು ಹಿಂದಕ್ಕೆ ಸರಿದಳು. ಟೈಮ್‌ಕೀಪರ್ ವೈರನ್ನು ಹಿಡಿದು ಕಿತ್ತೇಬಿಟ್ಟ. ಸ್ಪೀಕರ್ ಸುಮ್ಮನಾಯಿತು. ಕೋಣೆ ಸುಮ್ಮನಾಗಲಿಲ್ಲ.

ಏರಿತು. ತಗ್ಗಿತು. ಸಣ್ಣದು, ಎಲ್ಲಿಂದ ಎಂದು ಬೆರಳು ತೋರಿಸಲು ಬಾರದ್ದು, ಕಪಾಟಿನ ಹತ್ತಿರ ಹೋದರೂ ಅಷ್ಟೇ, ಕಿಟಕಿಯ ಹತ್ತಿರ ಬಂದರೂ ಅಷ್ಟೇ. ಟೈಮ್‌ಕೀಪರ್ ರ್ಯಾಕಿನ ಪ್ಲಗ್ ಎಳೆದ. ಕೆಂಪು ದೀಪ ಆರಿತು. ಹೊರಗೆ ಹೋಗಿ ಇಡೀ ಮನೆಯ ಮೇನ್ ಸ್ವಿಚ್ ಕೆಳಗೆ ಮಾಡಿದ. ಅಡುಗೆಮನೆಯಲ್ಲಿ ಫ್ರಿಜ್ ಮೈನಡುಗಿ ನಿಂತಿತು. ಅದು ನಿಂತ ಮೇಲೆ ಮತ್ತಷ್ಟು ಸ್ಪಷ್ಟವಾಗಿ ಕೇಳಿಸಿತು. ಮೊದಲ ಸಲ ಕನ್ನಡಕ ಹಾಕಿಕೊಂಡವರು ಮರದಲ್ಲಿ ಎಲೆಗಳಿರುವುದನ್ನು ಕಂಡು ಬೆಚ್ಚುತ್ತಾರೆ. ಕಂಡ ಮೇಲೆ ಅವರಿಗೆ ಅದು ಬರೀ ಹಸಿರಾಗಿ ಕಾಣುವುದೇ ಇಲ್ಲ. ಹಾಗಿತ್ತು.

"ಅದನ್ನ ಕಿತ್ತಾಯ್ತಲ್ಲ," ಎಂದ ಟೈಮ್‌ಕೀಪರ್ ವಾಪಸ್ ಬಂದು, ಬಾಗಿಲ ಚೌಕಟ್ಟು ಹಿಡಿದುಕೊಂಡು. "ಕಿತ್ತ ಮೇಲೆ ಒಂದೇ ತಾನೇ ಉಳೀಬೇಕು? ಯಾಕೆ ಇನ್ನೂ ತೂಗ್ತಿದೆ ಅಕ್ಕ?"

ಉತ್ತರ ಕೊಟ್ಟವಳು ತಂಗಿ. "ಮೊದಲು ಒಂದೇ ಇತ್ತು. ಈಗ ಎರಡಿದಾವೆ."

"ಎರಡನೇದು ಯಾರದು?"

"ಅಕ್ಕಂದು. ವಾರವೆಲ್ಲ ಕೇಳಿ ಕೇಳಿ ಕಲಿತುಕೊಂಡಿತೋ, ಇಟ್ಟುಕೊಂಡಿತೋ. ನನಗೆ ಹೇಗೆ ಗೊತ್ತಾಗ್ಬೇಕು?" ಅವಳು ದಿಂಬನ್ನು ತಟ್ಟಿ ಸರಿಮಾಡಿದಳು. "ಯಾವುದು ನಿಂದು ಅಂತ ಹೇಳ್ತೀಯಾ ಅಕ್ಕ?"

ಅಕ್ಕ ಕಿವಿಗೊಟ್ಟಳು. ವಾರಗಟ್ಟಲೆ ತಾನೇ ಆರಿಸಿ, ಅಳೆದು, ಕಟ್ಟಿದ ಸ್ವರ. ಯಾವುದು ತನ್ನದು ಎಂದು ಅವಳಿಗೆ ಗೊತ್ತಾಗಲಿಲ್ಲ.

"ನನ್ನನ್ನ ಈಗ ಕೇಳ್ತಿಲ್ಲ ಅದು," ಎಂದಳು ತಂಗಿ ಮಲಗುತ್ತ. "ಇಷ್ಟು ದಿನ ನನ್ನನ್ನೇ ಕೇಳ್ತಿತ್ತು. ಉತ್ತರ ಕೊಡೋಕೆ ನನಗೆಲ್ಲಿ ಬರುತ್ತೆ? ಈಗ ಅದಕ್ಕೆ ಜೊತೆ ಸಿಕ್ತು. ಕಿಟಕಿ ಪರದೆ ಎಳೆದುಬಿಡಿ, ಬಿಸಿಲು ಮುಖಕ್ಕೇ ಹೊಡೀತಿದೆ."

ಪರದೆ ಎಳೆದು ತಿರುಗುವುದರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಬಾಯಿ ಸ್ವಲ್ಪ ತೆರೆದು, ಒಂದು ಕೈ ಮಂಚದಿಂದ ಕೆಳಗೆ ಜೋತು, ಮಕ್ಕಳು ಮಲಗುವ ಹಾಗೆ. ಅಂಥ ನಿದ್ದೆಯನ್ನು ಟೈಮ್‌ಕೀಪರ್ ಈ ಮನೆಗೆ ಬಂದಾಗಿನಿಂದ ನೋಡಿರಲಿಲ್ಲ. ಅವನು ಹೆಂಡತಿಯ ಜೋತ ಕೈಯನ್ನು ಎತ್ತಿ ಹೊಟ್ಟೆಯ ಮೇಲೆ ಇಟ್ಟ. ಅವಳು ಅಲುಗಲಿಲ್ಲ. ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗೋಣವೇ ಎಂದು ಅಕ್ಕ ಕಣ್ಣಲ್ಲೇ ಕೇಳಿದಳು. ಅವನು ಬೇಡವೆಂದು ತಲೆಯಾಡಿಸಿದ. ಆ ನಿದ್ದೆಯನ್ನು ಒಡೆಯಲು ಇಬ್ಬರಿಗೂ ಮನಸ್ಸು ಬರಲಿಲ್ಲ.

ನಡುಮನೆಗೆ ಬಂದು ಎದುರುಬದುರು ಕೂತರು. ಅಲ್ಲಿಗೂ ಕೇಳಿಸುತ್ತಿತ್ತು.

"ಕ್ವಾರ್ಟರ್ಸ್ ಬದಲಾಯಿಸಿಕೊಡಿ ಅಂತ ಬರೆದುಕೊಡ್ಬೇಕು," ಎಂದ ಟೈಮ್‌ಕೀಪರ್ ತಗ್ಗಿದ ದನಿಯಲ್ಲಿ. "ಕಾರಣ ಏನು ಅಂತ ಬರೀಲಿ?"

ಅಷ್ಟರಲ್ಲಿ ಅವನ ಕೈಯಲ್ಲಿದ್ದ ಫೋನು ನಡುಗಿತು. ಇಬ್ಬರೂ ಬೆಚ್ಚಿದರು. ಡಾಕ್ಟರು. ನಾಳೆಯ ಬೆಡ್ ಖಚಿತ ಮಾಡಿಕೊಳ್ಳಲು ಫೋನ್ ಮಾಡಿದ್ದರು.

"ಬೇಡ ಡಾಕ್ಟ್ರೇ, ನಾಳೆ ಬರಲ್ಲ," ಎಂದ ಅವನು. "ಇಲ್ಲ, ಜಗಳ ಏನೂ ಇಲ್ಲ. ಮಲಗಿದಾಳೆ. ಹೌದು, ತಾನಾಗೇ. ಮಾತ್ರೆ ಇಲ್ಲದೆ. ಅವಳಿಗೆ ಆರಾಮಾಗಿದೆ."

ಆ ಕಡೆಯಿಂದ ಡಾಕ್ಟರು ಸಂತೋಷದ ದನಿಯಲ್ಲಿ ಏನೋ ಹೇಳಿದರು. ಅಕ್ಕನಿಗೂ ಕೇಳುವಷ್ಟು ಸ್ಪಷ್ಟವಾಗಿ ಒಂದು ಪ್ರಶ್ನೆ ಬಂತು. ಹಾಗಾದರೆ ಮನೆಯಲ್ಲಿ ಆ ಶಬ್ದ ಈಗ ಕೇಳುತ್ತಿಲ್ಲವೇ?

ಟೈಮ್‌ಕೀಪರ್ ಫೋನನ್ನು ಎದೆಗೆ ಒತ್ತಿ ಹಿಡಿದು ಅಕ್ಕನ ಮುಖ ನೋಡಿದ. ಒಳಗಿನ ಕೋಣೆಯಿಂದ ತಂಗಿಯ ಸಣ್ಣ ಗೊರಕೆ, ಅದರ ಹಿಂದೆ ಏರುತ್ತ ತಗ್ಗುತ್ತ ಅವೆರಡು. ಈಗ ಬಹಳ ನಿಧಾನವಾಗಿ ತೂಗುತ್ತಿದ್ದವು. ಇನ್ನೇನು ಕೂಡಿಬಿಡುತ್ತವೆ ಎನ್ನುವಷ್ಟು.

"ಇಲ್ಲ ಅಂತ ಹೇಳಿ," ಎಂದಳು ಅಕ್ಕ. ಮಾತು ಎಲ್ಲಿಯೂ ಮುಗ್ಗರಿಸಲಿಲ್ಲ. "ಯಾರಿಗೂ ಏನೂ ಕೇಳ್ತಿಲ್ಲ ಅಂತ ಹೇಳಿ."